ಗಿರಾಕಿ ಪಟ್ಟಿಗೆ ಎಷ್ಟು ನಕಲು?

ಗುಬ್ಬಿಯಲ್ಲಿ ಮೋಟಾರ್, ಡ್ರಿಪ್ ಪೈಪು ಮಾರುವ ಓದುಗರೊಬ್ಬರು ಕೇಳಿದ್ದಾರೆ: ‘ಗಿರಾಕಿಗಳ ಹೆಸರು, ಫೋನ್ ನಂಬರ್ ಎಲ್ಲ ಎಕ್ಸೆಲ್‌ನಲ್ಲಿ ಇಟ್ಟಿದ್ದೇನೆ. ಕುಣಿಗಲ್ ಕಡೆಯವರದ್ದು ಒಂದು ಶೀಟು, ಬಾಕಿ ಉಳಿಸಿಕೊಂಡವರದ್ದು ಒಂದು, ಸರ್ವಿಸ್‌ನವರದ್ದು ಇನ್ನೊಂದು. ಯಾರಾದರೂ ನಂಬರ್ ಬದಲಾಯಿಸಿದರೆ ಮೂರು ಕಡೆ ತಿದ್ದಬೇಕು. ಗಿರಾಕಿಗಳ ವಿವರ ನೋಡಿಕೊಳ್ಳುವ ಸಿಆರ್‌ಎಂ ಸಾಫ್ಟ್‌ವೇರ್ ಮಾರಲು ಬಂದವರು, ಇದರಲ್ಲಿ ಬೇಕಾದಷ್ಟು ವ್ಯೂ ಮಾಡಿ ಸೇವ್ ಮಾಡಿಕೊಳ್ಳಿ ಅಂದರು. ಅದೂ ಇನ್ನಷ್ಟು ಶೀಟುಗಳೇ ತಾನೆ?’

ಅಲ್ಲ. ಶೀಟಿನಲ್ಲಿ ಉಳಿಯುವುದು ಉತ್ತರ, ವ್ಯೂನಲ್ಲಿ ಉಳಿಯುವುದು ಪ್ರಶ್ನೆ. ‘ಕುಣಿಗಲ್ ತಾಲ್ಲೂಕು, 5 ಎಚ್‌ಪಿ ಮೋಟಾರ್, ಸರ್ವಿಸ್ ಆಗಿ ವರ್ಷ ದಾಟಿದವರು, ಹಳಬರು ಮೊದಲು’ ಎಂಬಿಷ್ಟನ್ನೇ ಸಾಫ್ಟ್‌ವೇರ್ ಎತ್ತಿಟ್ಟುಕೊಳ್ಳುತ್ತದೆ. ನೀವು ತೆರೆದಾಗಲೆಲ್ಲ ಮೂಲ ಪಟ್ಟಿಗೆ ಹೋಗಿ ಹೊಸದಾಗಿ ಹೆಕ್ಕಿ ತರುತ್ತದೆ. ಅಮೃತೂರಿನ ರೈತರೊಬ್ಬರ ಮೋಟಾರ್ ಇವತ್ತು ಬೆಳಗ್ಗೆ ಸರ್ವಿಸ್ ಆಯಿತು ಅಂತ ಮೆಕ್ಯಾನಿಕ್ ಒತ್ತಿದರೆ, ಮಧ್ಯಾಹ್ನ ಆ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲ. ಯಾರೂ ಅಳಿಸಿಲ್ಲ, ಪ್ರಶ್ನೆಗೆ ಅವರು ಹೊಂದುತ್ತಿಲ್ಲ, ಅಷ್ಟೆ.

ತುಮಕೂರಿನ ಮಂಡಿಪೇಟೆಯಲ್ಲಿ ಕೈಬರಹದ ಲೆಕ್ಕ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಕಿರ್ದಿಯಲ್ಲಿ ವ್ಯವಹಾರ ನಡೆದ ಕ್ರಮದಲ್ಲೇ ಬರೆಯುತ್ತಾರೆ: ಇಂಥವರಿಂದ ಇಷ್ಟು ಕೊಬ್ಬರಿ ಬಂತು, ಇಂಥವರಿಗೆ ಇಷ್ಟು ಮುಂಗಡ ಹೋಯಿತು. ಆಮೇಲೆ ಗುಮಾಸ್ತರು ಒಂದೊಂದೇ ಸಾಲನ್ನು ಆಯಾ ಆಸಾಮಿಯ ಖಾತೆಗೆ ಎತ್ತಿ ಬರೆಯುತ್ತಾರೆ. ಒಂದೇ ವ್ಯವಹಾರ ಎರಡು ಕಡೆ: ಒಂದು ದಿನವಾರು, ಇನ್ನೊಂದು ಆಸಾಮಿವಾರು. ವೆನಿಸ್‌ನಲ್ಲಿ 1494ರಲ್ಲಿ ಲೂಕಾ ಪಾಚಿಯೋಲಿ ಅಚ್ಚು ಹಾಕಿಸಿದ ಗಣಿತ ಪುಸ್ತಕದಲ್ಲಿ ವಿವರಿಸಿದ್ದೂ ಹೆಚ್ಚು ಕಡಿಮೆ ಇದೇ ಪದ್ಧತಿಯನ್ನು. ಈಗ ಧಣಿಗಳು ‘ನಿಟ್ಟೂರು ಕಡೆಯವರ ಬಾಕಿ ಎಷ್ಟು?’ ಎಂದು ಕೇಳಿದರೆ ಊರುವಾರು ಮೂರನೆಯ ಪುಸ್ತಕ ಬೇಕು. ‘ಅಡಿಕೆಯವರೆಷ್ಟು, ತೆಂಗಿನವರೆಷ್ಟು?’ ಎಂದರೆ ನಾಲ್ಕನೆಯದು. ಪ್ರಶ್ನೆಗೊಂದು ಪುಸ್ತಕ, ಪುಸ್ತಕಕ್ಕೊಂದು ನಕಲು, ನಕಲಿಗೊಂದು ತಪ್ಪು. ಎತ್ತಿ ಬರೆಯುವ ಶ್ರಮಕ್ಕೆ ಹೆದರಿಯೇ ಅಂಗಡಿಗಳು ಎರಡು ಪ್ರಶ್ನೆಗಳಿಗೆ ತೃಪ್ತಿಪಟ್ಟುಕೊಂಡಿದ್ದವು. ವ್ಯೂ ಇರುವ ಕಡೆ ಕಿರ್ದಿ ಒಂದೇ. ಮಿಕ್ಕ ಪುಸ್ತಕಗಳೆಲ್ಲ ಕೇಳಿದ ಕ್ಷಣದಲ್ಲಿ ಬರೆಯಲ್ಪಟ್ಟು, ಮುಚ್ಚಿದ ಕ್ಷಣದಲ್ಲಿ ಇಲ್ಲವಾಗುತ್ತವೆ.

ಇದನ್ನು ಸಾಧ್ಯ ಮಾಡಿದ ಮನುಷ್ಯ ಎಡ್ಗರ್ ಕಾಡ್. ಹುಟ್ಟು ಇಂಗ್ಲೆಂಡಿನದು, ಓದು ಗಣಿತದ್ದು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಮುಂದೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯ ಸೇರಿದರು. ಅರವತ್ತರ ದಶಕದಲ್ಲಿ ಡೇಟಾಬೇಸ್‌ನಿಂದ ಒಂದು ಹೆಸರು ತೆಗೆಯಬೇಕಾದರೆ ಅದು ಯಾವ ಕೊಂಡಿ ಹಿಡಿದು ಎಲ್ಲಿ ಕೂತಿದೆ ಎಂಬ ದಾರಿ ಪ್ರೋಗ್ರಾಮರ್‌ಗೆ ಗೊತ್ತಿರಬೇಕಿತ್ತು. ಆ ಬಗೆಯ ವ್ಯವಸ್ಥೆ ಕಟ್ಟಿದ ಚಾರ್ಲ್ಸ್ ಬಾಕ್‌ಮನ್ 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲಿ ಪ್ರೋಗ್ರಾಮರ್‌ನನ್ನು ನಾವಿಕನೆಂದೇ ಕರೆದರು. ಕಾಡ್ 1970ರ ಪ್ರಬಂಧದಲ್ಲಿ ತದ್ವಿರುದ್ಧ ಹಟ ಹಿಡಿದಿದ್ದರು: ದಾರಿ ಯಂತ್ರಕ್ಕೆ ಗೊತ್ತಿದ್ದರೆ ಸಾಕು, ಬಳಸುವವರು ಏನು ಬೇಕೆಂದು ಹೇಳಿದರಾಯಿತು. ಎಲ್ಲವನ್ನೂ ಸಾಲು, ಕಾಲಂ ಇರುವ ಕೋಷ್ಟಕಗಳಲ್ಲಿಡಿ. ಕೋಷ್ಟಕದ ಮೇಲೆ ಪ್ರಶ್ನೆ ಹಾಕಿದರೆ ಬರುವ ಉತ್ತರವೂ ಕೋಷ್ಟಕವೇ. ಹಾಗಾಗಿ ಆ ಉತ್ತರದ ಮೇಲೆ ಮತ್ತೊಂದು ಪ್ರಶ್ನೆ ಹಾಕಬಹುದು. ವ್ಯೂ ಹುಟ್ಟಿದ್ದು ಈ ಚಿಕ್ಕ ಜಾಣತನದಲ್ಲಿ.

ಐಬಿಎಂ ಉತ್ಸಾಹ ತೋರಲಿಲ್ಲ, ಅದರ ಹಳೆಯ ಡೇಟಾಬೇಸ್ ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ಆದರೂ ಅದೇ ಪ್ರಯೋಗಾಲಯದಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಕಾಡ್‌ರ ಗಣಿತವನ್ನು ಸಾಮಾನ್ಯರು ಟೈಪ್ ಮಾಡಬಹುದಾದ ಭಾಷೆಗೆ ಇಳಿಸಿ 1974ರಲ್ಲಿ ಪ್ರಕಟಿಸಿದರು. ಅದು ಇಂದಿನ ಎಸ್‌ಕ್ಯೂಎಲ್. ಬಾಯ್ಸ್ ಅದೇ ವರ್ಷ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಕಾಡ್‌ಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಸಿಆರ್‌ಎಂ ಕಂಪನಿಗಳು ಬಂದದ್ದು ಎಷ್ಟೋ ಆಮೇಲೆ: ಸೇಲ್ಸ್‌ಫೋರ್ಸ್ ಹುಟ್ಟಿದ್ದು 1999ರಲ್ಲಿ, ಚೆನ್ನೈ ಮೂಲದ ಜೋಹೋ ತನ್ನ ಸಿಆರ್‌ಎಂ ತಂದದ್ದು 2005ರಲ್ಲಿ. ಈಗ ಎಐ ಲೇಬಲ್ ಅಂಟಿಸಿ, ತಲೆಗಿಷ್ಟು ತಿಂಗಳಿಗಿಷ್ಟು ಎಂದು ಮಾರುವವರು ಸೇವ್ ಮಾಡಿದ ವ್ಯೂವನ್ನು ನಿನ್ನೆ ಮೊನ್ನೆಯ ಪವಾಡದಂತೆ ತೋರಿಸಿದರೆ ನಕ್ಕುಬಿಡಿ. ಐವತ್ತು ವರ್ಷದ ಸರಕು ಅದು. ಗಟ್ಟಿಯಾಗಿರುವುದೂ ಅದಕ್ಕೇ.

ತೊಡಕು ಇರುವುದು ಮೂಲ ಪಟ್ಟಿಯಲ್ಲಿ. 2014ರ ನವೆಂಬರ್ 1ರಂದು ತುಮಕೂರಿನ ಇಂಗ್ಲಿಷ್ ಕಾಗುಣಿತ ‘ಟುಮ್‌ಕುರ್’ನಿಂದ ‘ತುಮಕೂರು’ ಆಯಿತು. ಅದಕ್ಕೂ ಹಿಂದಿನ ಗಿರಾಕಿಗಳು ನಿಮ್ಮ ಪಟ್ಟಿಯಲ್ಲಿ ಹಳೆಯ ಕಾಗುಣಿತದಲ್ಲಿ, ಆಮೇಲಿನವರು ಹೊಸದರಲ್ಲಿ, ಅವಸರದಲ್ಲಿ ತುಂಬಿದವರು ಬರೀ ಮೂರಕ್ಷರದಲ್ಲಿ ಕೂತಿರುತ್ತಾರೆ. ನಮ್ಮ ಕಣ್ಣಿಗೆ ಒಂದೇ ಊರು, ಫಿಲ್ಟರ್‌ಗೆ ಮೂರು. ಊರು, ಹೋಬಳಿ, ತಾಲ್ಲೂಕುಗಳನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿದರೆ ಅರ್ಧ ರೋಗ ವಾಸಿ.

ಹೆಸರಿನ ಗೋಳು ಬೇರೆ. ಹೆಸರಾಂತ ಸಿಆರ್‌ಎಂಗಳು ‘ಲಾಸ್ಟ್ ನೇಮ್’ ತುಂಬದೆ ಮುಂದೆ ಬಿಡುವುದಿಲ್ಲ. ಚೇಳೂರಿನ ರಂಗಪ್ಪ ಬಿನ್ ಸಿದ್ದಪ್ಪ ಎಂಬುವರಿಗೆ ಲಾಸ್ಟ್ ನೇಮ್ ಎಲ್ಲಿಂದ ತರೋಣ? ಒಬ್ಬ ಗುಮಾಸ್ತ ಇನಿಷಿಯಲ್ ಹಾಕುತ್ತಾನೆ, ಇನ್ನೊಬ್ಬ ಊರ ಹೆಸರು, ಮತ್ತೊಬ್ಬ ಬರೀ ಚುಕ್ಕಿ. ಅಕಾರಾದಿಯಾಗಿ ಜೋಡಿಸಿದರೆ ಚುಕ್ಕಿಯವರೆಲ್ಲ ಒಂದೆಡೆ ಗುಂಪು ಸೇರುತ್ತಾರೆ. ಫೋನ್ ನಂಬರನ್ನೇ ಗುರುತಾಗಿ ಹಿಡಿಯೋಣವೆಂದರೆ ಅಪ್ಪ, ಮಗ, ಸೊಸೆ ಮೂವರ ಬಿಲ್ಲಿಗೂ ಒಂದೇ ನಂಬರ್.

ಸರ್ಕಾರಕ್ಕೂ ಇದರ ಅನುಭವ ಚೆನ್ನಾಗಿದೆ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹತ್ತಿದವು. ಸರ್ವೆ ನಂಬರಿನಿಂದಲೂ ಹುಡುಕಬಹುದು, ಹೆಸರಿನಿಂದಲೂ ಹುಡುಕಬಹುದು. ಶಾನುಭೋಗರ ಕಾಲದಲ್ಲಿ ಊಹಿಸಲಾಗದ ಅನುಕೂಲ. ಆದರೆ ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಕಂಪ್ಯೂಟರ್ ಅಜ್ಜನನ್ನೇ ಚಕಚಕನೆ ಹುಡುಕಿ ಕೊಡುತ್ತದೆ. ಅದನ್ನು ಸರಿಪಡಿಸಲು ಪೌತಿ ಖಾತೆ ಆಂದೋಲನವೇ ಬೇಕಾಯಿತು.

ಇನ್ನೊಂದು ಬಲೆ ಖಾಲಿ ಮನೆಯದು. ‘ಸರ್ವಿಸ್ ಆಗಿದೆ’ ಕಾಲಂನಲ್ಲಿ ಹೌದು, ಇಲ್ಲ ಎಂದು ತುಂಬುತ್ತೀರಿ. ಕೆಲವರದ್ದು ಖಾಲಿ ಬಿಟ್ಟಿದ್ದೀರಿ. ‘ಹೌದು ಅಲ್ಲದವರನ್ನು ತೋರಿಸು’ ಅಂದರೆ ಖಾಲಿ ಇರುವವರೂ ಬರಬೇಕಲ್ಲ? ಎಸ್‌ಕ್ಯೂಎಲ್‌ನಲ್ಲಿ ಬರುವುದಿಲ್ಲ. ಅಲ್ಲಿ ನಿಜ, ಸುಳ್ಳುಗಳ ಜೊತೆ ‘ಗೊತ್ತಿಲ್ಲ’ ಎಂಬ ಮೂರನೆಯ ಉತ್ತರವಿದೆ, ‘ಗೊತ್ತಿಲ್ಲ’ ಬಂದ ಸಾಲನ್ನು ಫಿಲ್ಟರ್ ಹೊರಗಿಡುತ್ತದೆ. ಹುಲಿಯೂರುದುರ್ಗದವರಿಗೆ ಯಾರೂ ಫೋನ್ ಮಾಡದೇ ಇರುವುದಕ್ಕೆ ಇಷ್ಟೇ ಕಾರಣ ಇರಬಹುದು. ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆಂದು ನಾಲ್ಕು ಹೆಸರು ಹಾಕಿ ನೋಡಿ, ‘ಅಥವಾ ಖಾಲಿ ಇರುವವರು’ ಎಂದು ಷರತ್ತು ಸೇರಿಸಿ.

ಹುಡುಗರಿಗೆ ಒಂದು ಮಾತು ಹೇಳಿಡಿ: ವ್ಯೂ ನಕಲಲ್ಲವಾದ್ದರಿಂದ ಅದರೊಳಗೆ ಒಂದು ಹೆಸರು ಡಿಲೀಟ್ ಮಾಡಿದರೆ ಗಿರಾಕಿಯೇ ಹೋಗುತ್ತಾನೆ, ಬಾಕಿ ಸಮೇತ. ಪಟ್ಟಿಯಲ್ಲಿ ಬೇಡದವರಿದ್ದರೆ ಬದಲಾಯಿಸಬೇಕಾದದ್ದು ಷರತ್ತನ್ನು. ಆ ಷರತ್ತಿನಲ್ಲಿ ದಿನಾಂಕ ಇದ್ದರೆ ‘2024ರ ಮಾರ್ಚ್ 31ಕ್ಕೆ ಮುಂಚೆ’ ಎಂದು ಕೂರಿಸಬೇಡಿ, ‘ಇವತ್ತಿಗೆ 365 ದಿನ ಹಿಂದೆ’ ಎಂದು ಹಾಕಿ. ಮೊದಲನೆಯದನ್ನು ಪ್ರತಿ ವರ್ಷ ಯಾರಾದರೂ ನೆನಪಿಟ್ಟು ತಿದ್ದಬೇಕು. ಎರಡನೆಯದು ದಿನಕ್ಕೊಂದು ದಿನದಂತೆ ತಾನೇ ಮುಂದೆ ಸರಿಯುತ್ತದೆ.