ಬೆನ್ನ ಮೇಲಿನ ಗಾಳಿಯಂತ್ರ: ತರಗೆಲೆ ಬ್ಲೋವರ್ ಕೊಳ್ಳುವ ಮುನ್ನ

ಸಂಕ್ರಾಂತಿ ಕಳೆದು ಹೋಳಿಹುಣ್ಣಿಮೆ ಬರುವವರೆಗೆ ಧಾರವಾಡದಲ್ಲಿ ಎಲೆ ಉದುರುವ ಕಾಲ. ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯ, 1917ರ ಕರ್ನಾಟಕ ಕಾಲೇಜು, ಇವುಗಳ ಆವರಣದಲ್ಲಿ ಮರಗಳಿಗೆ ಬರವಿಲ್ಲ. ಬೆಳಿಗ್ಗೆ ಗುಡಿಸಿದ ದಾರಿ ಮಧ್ಯಾಹ್ನದ ಗಾಳಿಗೆ ಮತ್ತೆ ತುಂಬಿಕೊಳ್ಳುತ್ತದೆ. ಎಕರೆಗಟ್ಟಲೆ ಜಾಗಕ್ಕೆ ನಾಲ್ಕೈದು ಮಂದಿ ಕಸಬರಿಗೆ ಹಿಡಿದು ಬೆನ್ನು ಬಗ್ಗಿಸಿಯೇ ದಿನ ಕಳೆಯಬೇಕು. ಆ ಬೆನ್ನುನೋವನ್ನು ಕಂಡ ಯಾವ ಆಡಳಿತಗಾರನಿಗಾದರೂ ಯಂತ್ರ ತರೋಣ ಅನ್ನಿಸುವುದು ಸಹಜ, ಅನ್ನಿಸಲೂಬೇಕು. ಆದರೆ ಯಾವ ಯಂತ್ರ, ಎಷ್ಟು ಬಲದ್ದು, ಯಾವ ಜಾಗಕ್ಕೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಅದನ್ನು ಹೊರುವವರ ಆರೋಗ್ಯವೂ ಉಳಿಯುತ್ತದೆ.

ನಮ್ಮ ರೈತರಿಗೆ ಬೆನ್ನಿಗೆ ಹೊರುವ ತರಗೆಲೆ ಬ್ಲೋವರಿನ ಮೈಕಟ್ಟು ಹೊಸದಲ್ಲ. ಬೆಳೆಗೆ ಔಷಧ ಹೊಡೆಯಲು ಬೆನ್ನಿಗೇರಿಸುವ ಪೆಟ್ರೋಲ್ ಪಂಪಿನಿಂದ ಔಷಧದ ಡಬ್ಬಿ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಇದೇ: ಒಂದು ಸಣ್ಣ ಎಂಜಿನ್, ಅದರ ಅಚ್ಚಿಗೆ ಕೂಡಿಸಿದ ಫ್ಯಾನು, ಗಾಳಿಯನ್ನು ಹೊರಗೆ ತಳ್ಳುವ ಉದ್ದನೆಯ ಕೊಳವೆ. ಎರಡೂ ಒಂದೇ ಮನೆತನದವು.

ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ಸಿಸಿಯದು, ಆಮೇಲೆ ಗಾಳಿಯ ವೇಗದ್ದು. ಎರಡನ್ನೂ ಅರ್ಧ ಮಾತ್ರ ನಂಬಬೇಕು. ಎಲೆಯನ್ನು ತಳ್ಳುವುದು ಬರೀ ವೇಗವಲ್ಲ, ಬರೀ ಗಾಳಿಯ ಪ್ರಮಾಣವೂ ಅಲ್ಲ. ಎರಡೂ ಸೇರಿ ಹುಟ್ಟುವ ನೂಕುಬಲ. ಅದನ್ನು ನ್ಯೂಟನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೂರು ಗ್ರಾಂ ತೂಕ ಕೈಮೇಲೆ ಒತ್ತುವ ಬಲ ಸುಮಾರು ಒಂದು ನ್ಯೂಟನ್. ಒಂದು ಯಂತ್ರ ನಿಮಿಷಕ್ಕೆ 20 ಘನಮೀಟರ್ ಗಾಳಿಯನ್ನು ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಊದುತ್ತದೆ ಎಂದುಕೊಳ್ಳಿ. ಒಂದು ಘನಮೀಟರ್ ಗಾಳಿಯ ತೂಕ 1.2 ಕಿಲೋ ಎಂದು ಹಿಡಿದರೆ ನೂಕುಬಲ 32 ನ್ಯೂಟನ್ ಆಗುತ್ತದೆ. ಈಗ ಕೊಳವೆಯ ತುದಿಗೆ ಕಿರಿದಾದ ಮೂತಿ ತೊಡಿಸಿ. ವೇಗ ಸೆಕೆಂಡಿಗೆ 100 ಮೀಟರಿಗೆ ಏರಿತು, ಗಾಳಿ ಮಾತ್ರ 12 ಘನಮೀಟರಿಗೆ ಇಳಿಯಿತು ಎನ್ನೋಣ. ಲೆಕ್ಕ ಹಾಕಿದರೆ 24 ನ್ಯೂಟನ್. ಜಾಹೀರಾತಿನಲ್ಲಿ ಎರಡನೆಯದೇ ಹೆಚ್ಚು ಜೋರಿನದಾಗಿ ಕಾಣುತ್ತದೆ, ಅಂಗಳದಲ್ಲಿ ಮೊದಲನೆಯದೇ ಹೆಚ್ಚು ಎಲೆ ಸರಿಸುತ್ತದೆ. ಕೆಲವು ಕಂಪನಿಗಳು ಗಾಳಿಯ ಪ್ರಮಾಣವನ್ನು ಕೊಳವೆ ಜೋಡಿಸದೆ, ಫ್ಯಾನಿನ ಬಾಯಲ್ಲೇ ಅಳೆದು ಮುದ್ರಿಸುತ್ತವೆ. ಅದು ನಿಮ್ಮ ಕೈಗೆ ಸಿಗುವ ಗಾಳಿಯಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕೊಳವೆ ತುದಿಯಲ್ಲಿ ಎಷ್ಟು ನ್ಯೂಟನ್? ಉತ್ತರ ಕೊಡಲಾಗದ ಯಂತ್ರವನ್ನು, ಅದು ಎಷ್ಟೇ ಅಗ್ಗವಾಗಿರಲಿ, ಸಂಸ್ಥೆಯ ಹಣದಲ್ಲಿ ಕೊಳ್ಳಬಾರದು.

ನಮ್ಮೂರಿಗೇ ಸಂಬಂಧಿಸಿದ ಒಂದು ಮಾತು ಇಲ್ಲಿ ಸೇರಿಸಬೇಕು. ಹುಬ್ಬಳ್ಳಿ-ಧಾರವಾಡ ಅವಳಿನಗರ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ ಮಾರ್ಚಿನ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಇಲ್ಲಿಯ ಗಾಳಿ ಆ 1.2 ಕಿಲೋ ಲೆಕ್ಕಕ್ಕಿಂತ ಶೇ. 10ರಿಂದ 12ರಷ್ಟು ತೆಳುವಾಗಿರುತ್ತದೆ. ಫ್ಯಾನು ಅಷ್ಟೇ ವೇಗದಲ್ಲಿ ತಿರುಗಿದರೂ 32 ನ್ಯೂಟನ್ ಯಂತ್ರ 28ರ ಆಸುಪಾಸಿಗೆ ಬರುತ್ತದೆ. ಬೆಳಗಿನ ತಂಪಿನಲ್ಲಿ ಅದೇ ಯಂತ್ರ ಹೆಚ್ಚು ಚುರುಕು.

ಹಾಗಾದರೆ ಎಷ್ಟು ಬೇಕು? ಅದನ್ನು ಹೇಳಬೇಕಾದದ್ದು ಎಲೆ ಮತ್ತು ನೆಲ. ಗುಲ್‌ಮೊಹರ್, ಬೇವು, ಮಳೆಮರದ ಸಣ್ಣ ಎಲೆಗಳು ಹಗುರ, ಆದರೆ ಪೇವರ್ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅವಕ್ಕೆ ಬಲಕ್ಕಿಂತ ಹೆಚ್ಚಾಗಿ ನೆಲಕ್ಕೆ ಹತ್ತಿರ ಹಿಡಿದ ಮೂತಿ, ಮಂದ ವೇಗ, ತಾಳ್ಮೆ ಬೇಕು. 20 ನ್ಯೂಟನ್ ಧಾರಾಳ. ಸಾಗವಾನಿ ಎಲೆ ಹಾಗಲ್ಲ. ಒಣಗಿದಾಗ ಮುರುಟಿ ಗಾಳಿಗೆ ಸುಲಭವಾಗಿ ಹಾರುತ್ತದೆ, ಆದರೆ ಇಬ್ಬನಿಯೋ ಅಡ್ಡಮಳೆಯೋ ತಾಕಿದರೆ ಹಪ್ಪಳದಂತೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಸಾಗವಾನಿ ನೆಡುತೋಪು, ಹುಲ್ಲುಹಾಸು, ಆಟದ ಮೈದಾನ ಇರುವಲ್ಲಿ 30ರಿಂದ 35 ನ್ಯೂಟನ್ನಿನ, ಸುಮಾರು 65 ಸಿಸಿಯ ಯಂತ್ರ ಸರಿಹೋಗುತ್ತದೆ. 75ರಿಂದ 80 ಸಿಸಿಯ, 40 ನ್ಯೂಟನ್ ದಾಟಿದ ದೊಡ್ಡ ಯಂತ್ರಗಳೂ ಇವೆ. ಸ್ಟಿಲ್, ಹಸ್ಕ್‌ವಾರ್ನಾ, ಎಕೋ ಕಂಪನಿಗಳು ಅಂಥವನ್ನು ಮಾಡುತ್ತವೆ. ಒಂದು ಬಡಾವಣೆಯ ಉದ್ಯಾನಕ್ಕೆ ಅಷ್ಟು ಬಲ ಬೇಡ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಮಲ್ಲಿಗೆ ಬಳ್ಳಿಯ ಬುಡದ ಮಣ್ಣನ್ನೂ ಅದು ಎಬ್ಬಿಸಿಕೊಂಡು ಹೋಗುತ್ತದೆ.

ತೂಕದ ಮಾತು ಕೊಳ್ಳುವವರಿಗೆ ಸಣ್ಣದು, ಹೊರುವವರಿಗೆ ಅದೇ ದೊಡ್ಡದು. ಈ ಯಂತ್ರಗಳು ಸಾಮಾನ್ಯವಾಗಿ 10 ಕಿಲೋ ಸುತ್ತಮುತ್ತ ತೂಗುತ್ತವೆ, ಇಂಧನ ತುಂಬಿದ ಮೇಲೆ ಇನ್ನೂ ಒಂದು, ಒಂದೂವರೆ ಕಿಲೋ ಹೆಚ್ಚು. ಅಂಗಡಿಯಲ್ಲಿ ಖಾಲಿ ಯಂತ್ರ ಎತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ದಿನಾ ಹೊರಬೇಕಾದ ಕೆಲಸಗಾರರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಟ್ಯಾಂಕು ತುಂಬಿಸಿ, ಅವರ ಬೆನ್ನಿಗೆ ಹಾಕಿಸಿ ಅರ್ಧ ತಾಸು ಓಡಾಡಲು ಬಿಡಿ. ಸೊಂಟಪಟ್ಟಿ ಇದೆಯೇ, ಹೆಗಲಪಟ್ಟಿ ಗಿಡ್ಡಗಿರುವವರಿಗೂ ಹೊಂದುತ್ತದೆಯೇ, ನಡುಕ ಬೆನ್ನಿಗೆ ಎಷ್ಟು ತಾಗುತ್ತದೆ ಎಂಬುದನ್ನು ಅವರೇ ಹೇಳಲಿ. ಎರಡು ಯಂತ್ರಗಳ ನಡುವೆ ಆಯ್ಕೆ ಬಂದಾಗ ಅವರ ಮಾತೇ ಕೊನೆಯ ಮಾತಾಗಬೇಕು.

ಎಂಜಿನ್ ಹೆಚ್ಚಾಗಿ ಟೂ ಸ್ಟ್ರೋಕ್, ಅಥವಾ ಅದರಂತೆಯೇ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವಂಥದ್ದು. ಅಳತೆ ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿಲೀಟರ್. ಕಣ್ಣಂದಾಜು ನಡೆಯದು: ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಮತ್ತು ಮಸಿ. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಅದು ತೇವ ಹೀರುತ್ತದೆ. ಯಂತ್ರ ಎಷ್ಟು ಎಥೆನಾಲ್ ತಡೆಯುತ್ತದೆ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು. ಏಪ್ರಿಲ್ ಮುಗಿದು ಯಂತ್ರವನ್ನು ಮೂಲೆಗಿಡುವ ಮುನ್ನ ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿದರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುವುದು ತಪ್ಪುತ್ತದೆ. ಧೂಳಿನ ದಿನಗಳಲ್ಲಿ ಗಾಳಿಯ ಫಿಲ್ಟರ್ ಪ್ರತಿದಿನ ಕೊಡವಬೇಕು. ಬಿಡಿಭಾಗ ಹುಬ್ಬಳ್ಳಿಯಲ್ಲೇ ಸಿಗುತ್ತದೆಯೋ, ಬೆಂಗಳೂರಿನಿಂದ ಬರಬೇಕೋ ಎಂದು ಬಿಲ್ಲಿಗೆ ಸಹಿ ಹಾಕುವ ಮೊದಲೇ ವಿಚಾರಿಸಿ.

ಇನ್ನು ಸದ್ದು. ಪೆಟ್ರೋಲ್ ಯಂತ್ರ ಹೊತ್ತವರ ಕಿವಿಗೆ ತಲುಪುವುದು 100 ಡೆಸಿಬೆಲ್ ಸುತ್ತಮುತ್ತ. ಆ ಮಟ್ಟದಲ್ಲಿ ರಕ್ಷಣೆಯಿಲ್ಲದೆ ದಿನಕ್ಕೆ 15 ನಿಮಿಷ ಮೀರಬಾರದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಕಿವಿಮುಚ್ಚುಗೆ, ಕನ್ನಡಕ, ಒಳ್ಳೆಯ ಮಾಸ್ಕ್ ಇವು ಯಂತ್ರದ ಬೆಲೆಯಲ್ಲೇ ಸೇರಿರಬೇಕಾದ ವಸ್ತುಗಳು. ನೆರೆಹೊರೆಯವರ ಪಾಡೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ನಿಶ್ಶಬ್ದ ವಲಯದಲ್ಲಿ 50. ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗೂ ನಿಶ್ಶಬ್ದ ವಲಯ ಇರಬಹುದೆಂದು ಆ ನಿಯಮ ಹೇಳುತ್ತದೆ. ಓದಿಗೆ ಹೆಸರಾದ ಧಾರವಾಡದಲ್ಲಿ ಇಂಥ ಜಾಗಗಳೇ ಹೆಚ್ಚು. ತರಗತಿ ನಡೆಯುವ ಹೊತ್ತಿನಲ್ಲಿ ಬ್ಲೋವರ್ ಶುರುಮಾಡುವುದು ತಪ್ಪು. ಇಂಥಲ್ಲಿ ಬ್ಯಾಟರಿಯ ಬ್ಲೋವರೇ ಮೇಲು. ಬೆನ್ನಿಗೆ ಬ್ಯಾಟರಿ ಕಟ್ಟುವ ಕೆಲವು ಮಾದರಿಗಳು ಈಗ 20 ನ್ಯೂಟನ್ ದಾಟಿವೆ, ಹೊಗೆಯಂತೂ ಇಲ್ಲ. ಒಂದು ತಾಸು ಪೆಟ್ರೋಲ್ ಬ್ಲೋವರ್ ಓಡಿಸಿದರೆ ಹೊರಬರುವ, ಹೊಗೆಮಂಜು ಉಂಟುಮಾಡುವ ಮಾಲಿನ್ಯ, 2017ರ ಒಂದು ಕಾರು ಸುಮಾರು 1,770 ಕಿಲೋಮೀಟರ್ ಓಡಿದಾಗಿನದಕ್ಕೆ ಸಮ ಎಂದು ಕ್ಯಾಲಿಫೋರ್ನಿಯಾದ ವಾಯುಮಂಡಳಿ ಲೆಕ್ಕ ಹಾಕಿದೆ. ಆ ರಾಜ್ಯ 2024ರಿಂದ ಹೊಸ ಬ್ಲೋವರುಗಳು ಹೊಗೆರಹಿತವಾಗಿರಬೇಕೆಂದು ನಿಯಮ ಮಾಡಿತು.

ನಮಗೆ ಹೊಗೆಗಿಂತ ದೊಡ್ಡ ಚಿಂತೆ ಧೂಳು. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ. ಗಾಳಿಯಲ್ಲಿ ಮಿತಿಮೀರಿದ ಕಣಗಳಿವೆ ಎಂಬ ಕಾರಣಕ್ಕೆ ಈ ಪಟ್ಟಿ. ರಸ್ತೆಯಂಚಿನ ಮಣ್ಣು ಒಣಗಿ, ಚಕ್ರಗಳಡಿ ಅರೆದು ಹಿಟ್ಟಾಗಿ ಏಳುವ ಧೂಳು ಅದರಲ್ಲಿ ದೊಡ್ಡ ಪಾಲು. ಧಾರವಾಡದ ಕಡೆ ಕೆಮ್ಮಣ್ಣು, ಹುಬ್ಬಳ್ಳಿ ದಾಟಿ ಮೂಡಣಕ್ಕೆ ಹೋದರೆ ಎರೆಮಣ್ಣು. ಎರಡೂ ಬೇಸಿಗೆಯಲ್ಲಿ ಪುಡಿ. ಅಂಥ ರಸ್ತೆಯಂಚಿಗೆ ಸೆಕೆಂಡಿಗೆ 80 ಮೀಟರ್ ವೇಗದ ಗಾಳಿ ಬಿಟ್ಟರೆ ಎಲೆ ನಾಲ್ಕು ಮಾರು ಸರಿಯುತ್ತದೆ, ಧೂಳು ಮಾತ್ರ ಬಸ್ಸಿಗೆ ಕಾದು ನಿಂತವರ ಎದೆಯೊಳಗೆ ಇಳಿಯುತ್ತದೆ. ಮೊದಲು ಕೆಮ್ಮುವವರು ಯಂತ್ರ ಹೊತ್ತವರೇ. ಹುಬ್ಬಳ್ಳಿ-ಧಾರವಾಡದ ರಸ್ತೆಗಳಿಗೆ ಬೇಕಾದದ್ದು ಧೂಳನ್ನು ಹೀರಿಕೊಳ್ಳುವ ಯಂತ್ರ, ಊದುವ ಯಂತ್ರವಲ್ಲ. ಇದರಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ದೊಡ್ಡ ಬ್ಲೋವರಿನ ನಿಜವಾದ ಜಾಗ ಊರ ಪಡುವಣಕ್ಕಿದೆ. ಕಲಘಟಗಿಯಿಂದ ಮುಂದೆ ದಾಂಡೇಲಿಯತ್ತ ಕಾಡು ದಟ್ಟವಾಗುತ್ತ ಹೋಗುತ್ತದೆ. ಜನವರಿಯಿಂದ ಮುಂಗಾರಿನವರೆಗೆ ನೆಲ ತುಂಬ ಒಣ ಎಲೆ. ಒಂದು ಕಿಡಿ ಬಿದ್ದರೆ ಬೆಂಕಿ ನೆಲದ ಎಲೆಯನ್ನೇ ಹಿಡಿದು ಸಾಗುತ್ತದೆ. ಅದನ್ನು ತಡೆಯಲು ಎಲೆಯಿಲ್ಲದ ಬರಿನೆಲದ ಪಟ್ಟಿ, ಅಂದರೆ ಬೆಂಕಿ ರೇಖೆ, ಇರಬೇಕು. ಕೈಯಿಂದ ಬಳಿದು ಮಾಡುವ ಈ ಕೆಲಸವನ್ನು ಬ್ಲೋವರ್ ನಡೆದಷ್ಟೇ ವೇಗದಲ್ಲಿ ಮಾಡುತ್ತದೆ. ರೇಖೆಯ ಮೇಲೆ ಮತ್ತೆ ಎಲೆ ಉದುರಿದರೆ ಮತ್ತೊಮ್ಮೆ ಹಾಯ್ದು ಬಂದರಾಯಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಅರಣ್ಯ ಸಿಬ್ಬಂದಿ ಇದನ್ನು ಹೀಗೆ ಬಳಸುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ಕಂಡವರಿಗೆ ಆ ಪಟ್ಟಿಯ ಬೆಲೆ ಹೇಳಿಕೊಡಬೇಕಿಲ್ಲ. ಎಚ್ಚರ ಒಂದೇ: ಉರಿಯುವ ಅಂಚಿನತ್ತ ಗಾಳಿ ಹಾಯಿಸಿದರೆ ಬೆಂಕಿಗೇ ಉಸಿರು ಕೊಟ್ಟಂತೆ. ಎಲೆಯನ್ನು ಬೆಂಕಿಯಿಂದ ದೂರಕ್ಕೆ ತಳ್ಳಬೇಕು, ಅದೂ ತರಬೇತಿ ಪಡೆದವರು ಮಾತ್ರ.

ಕೊನೆಗೆ, ಒಟ್ಟುಮಾಡಿದ ಎಲೆ ಏನಾಗುತ್ತದೆ? ಎಷ್ಟೋ ಕಡೆ ರಾಶಿಗೆ ಕಡ್ಡಿ ಗೀರುತ್ತಾರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ದಂಡ 5,000 ರೂಪಾಯಿ, ದೊಡ್ಡ ಪ್ರಮಾಣದ್ದಾದರೆ 25,000 ರೂಪಾಯಿ ಎಂದು ಗೊತ್ತುಮಾಡಿದೆ. ಅದೇ ಎಲೆಯನ್ನು ಕತ್ತರಿಸಿ, ಸಗಣಿ ನೀರು ಚಿಮುಕಿಸಿ, ಆಗಾಗ ತಿರುವಿ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರ. ಸಾಗವಾನಿ ಎಲೆ ಮಾತ್ರ ಕೊಳೆಯಲು ಹೆಚ್ಚು ಕಾಲ ಬೇಡುತ್ತದೆ. ಆದ್ದರಿಂದ ಬ್ಲೋವರಿಗೆ ಹಣ ಮಂಜೂರು ಮಾಡುವ ಸಂಸ್ಥೆಗಳು ದಯವಿಟ್ಟು ಮೊದಲು ಆವರಣದಲ್ಲಿ ಗೊಬ್ಬರದ ಗುಂಡಿ ತೋಡಿಸಿ, ಯಂತ್ರವನ್ನು ಆಮೇಲೆ ತನ್ನಿ.