ಗುಡುಗಿನ ಮಳೆ, ಕೆರೆಯ ಲೆಕ್ಕ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳನ್ನು ಬರದ ಸೀಮೆಯೆಂದು ಕರೆಯುವುದು ಸರ್ಕಾರಿ ಕಡತಗಳಲ್ಲೂ ವೇದಿಕೆಯ ಭಾಷಣಗಳಲ್ಲೂ ಎಷ್ಟು ರೂಢಿಯಾಗಿದೆಯೆಂದರೆ, ಈ ನೆಲ ಮರುಭೂಮಿಯಾಗುತ್ತಿದೆ ಎಂಬ ಮಾತನ್ನು ಒರೆಗೆ ಹಚ್ಚಿ ನೋಡುವವರು ಕಡಿಮೆ. ಕೋಲಾರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 700ರಿಂದ 750 ಮಿಲಿಮೀಟರ್ ಮಳೆ ಬೀಳುತ್ತದೆ. ಥಾರ್ ಮರುಭೂಮಿಯ ಜೈಸಲ್ಮೇರಿನಲ್ಲಿ ಬೀಳುವುದು 200 ಮಿಲಿಮೀಟರಿನ ಆಸುಪಾಸು ಮಾತ್ರ, ಸದಾ ಕೊಡೆ ಹಿಡಿದೇ ಓಡಾಡುವ ಊರೆಂದು ಹೆಸರಾದ ಲಂಡನ್ನಿನಲ್ಲಿ ಸುಮಾರು 600. ಲಂಡನ್ನಿಗಿಂತ ಹೆಚ್ಚು ಮಳೆ ಪಡೆಯುವ ಜಿಲ್ಲೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕಾಗಿ ಬಂದಿರುವುದಕ್ಕೆ ಒಂದು ಕಾರಣ ಬಿಸಿಲು: ಇಲ್ಲಿನ ಬಿಸಿಲು ಮತ್ತು ಗಾಳಿ ಸೇರಿ ಒಂದು ವರ್ಷದಲ್ಲಿ ಆವಿಯಾಗಿಸಬಲ್ಲ ನೀರಿನ ಪ್ರಮಾಣ ಬೀಳುವ ಮಳೆಯ ಸುಮಾರು ದುಪ್ಪಟ್ಟು, ಆದ್ದರಿಂದಲೇ ಹವಾಮಾನ ಶಾಸ್ತ್ರ ಈ ಪ್ರದೇಶವನ್ನು ಅರೆಶುಷ್ಕ ವಲಯವೆಂದು ವರ್ಗೀಕರಿಸುತ್ತದೆ. ಅದಕ್ಕಿಂತ ಮುಖ್ಯವಾದ, ಆದರೆ ಕಡಿಮೆ ಚರ್ಚೆಯಾಗಿರುವ ಕಾರಣ ಮಳೆ ಬೀಳುವ ರೀತಿ. ಮಲೆನಾಡಿನಲ್ಲಿ ಮಳೆಯೆಂದರೆ ದಿನಗಟ್ಟಲೆ ಬಿಡದೆ ಸುರಿಯುವ ಜಡಿ. ಕೋಲಾರ ಸೀಮೆಯಲ್ಲಿ ಮಳೆಯೆಂದರೆ ಬಹುಪಾಲು ಗುಡುಗಿನ ಮಳೆ, ಒಂದು ಊರಿಗೆ ಬಂದು ಪಕ್ಕದ ಊರನ್ನು ಬಿಟ್ಟುಹೋಗುವ, ಒಂದು ತಾಸಿನಲ್ಲಿ ಮುಗಿಯುವ ಮಳೆ.

ಸಮುದ್ರ ಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿರುವ ಈ ಬಯಲು, ಪೂರ್ವಕ್ಕೆ ಘಟ್ಟವಿಳಿದರೆ ಸಿಗುವ ರಾಯಲಸೀಮೆಯಷ್ಟು ಸುಡುವುದಿಲ್ಲ. ಕಡಪದ ಕಡೆ ಉಷ್ಣಾಂಶ 43 ಡಿಗ್ರಿ ದಾಟುವ ದಿನಗಳಲ್ಲೂ ಕೋಲಾರ ಸಾಮಾನ್ಯವಾಗಿ 40ರ ಕೆಳಗೇ ಉಳಿಯುತ್ತದೆ. ಆದರೂ ಏಪ್ರಿಲ್ ತಿಂಗಳ ಧಗೆಗೆ ಇಲ್ಲಿ ತನ್ನದೇ ಆದ ಸ್ವಭಾವವಿದೆ. ಹಸಿಯಿರುವ ನೆಲಕ್ಕೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ದೊಡ್ಡ ಪಾಲು ನೀರನ್ನು ಆವಿಯಾಗಿಸುವುದಕ್ಕೆ ಖರ್ಚಾಗುತ್ತದೆ, ಒಣಗಿದ ನೆಲದಲ್ಲಿ ಆ ಶಕ್ತಿಯೆಲ್ಲ ನೇರವಾಗಿ ಗಾಳಿಯನ್ನು ಕಾಯಿಸುವುದಕ್ಕೆ ಹೋಗುತ್ತದೆ. ಕೋಲಾರದ ಅಂತರಗಂಗೆಯ ಬೆಟ್ಟಸಾಲು, ಮುಳಬಾಗಿಲಿನ ಆಂಜನಾದ್ರಿ, ಆವಣಿಯ ಬೆಟ್ಟ, ಇವೆಲ್ಲ ಮೈತುಂಬ ಮಣ್ಣಿಲ್ಲದ ಬೋಳು ಬಂಡೆಗಳು. ಹಗಲಿಡೀ ಕಾದ ಬಂಡೆ ರಾತ್ರಿ ಊಟದ ಹೊತ್ತಿನವರೆಗೂ ಝಳ ಬಿಡುತ್ತಲೇ ಇರುತ್ತದೆ.

ಹೀಗೆ ಕಾದ ಗಾಳಿ ಹಗುರವಾಗಿ ಮೇಲೇರುವ ಕ್ರಿಯೆಗೆ ಸಂವಹನ ಎಂದು ಹೆಸರು. ಬರೀ ಧಗೆಯಿಂದ ಮಳೆಯಾಗದು, ಮೇಲೇರುವ ಗಾಳಿಯಲ್ಲಿ ತೇವವೂ ಇರಬೇಕು. ಮಾರ್ಚಿನಿಂದ ಮೇವರೆಗೆ ದಕ್ಷಿಣ ಪರ್ಯಾಯ ದ್ವೀಪದ ಒಳನಾಡಿನಲ್ಲಿ, ವಾಯವ್ಯದಿಂದ ಬರುವ ಒಣಗಾಳಿಯೂ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ತೇವದ ಗಾಳಿಯೂ ಎದುರುಬದುರಾಗುವ ಒಂದು ಉದ್ದನೆಯ ರೇಖೆ ಏರ್ಪಡುತ್ತದೆ; ಅದು ದಿನದಿನಕ್ಕೆ ಅತ್ತಿತ್ತ ಸರಿಯುತ್ತಿರುತ್ತದೆ, ಸರಿದತ್ತ ಮಧ್ಯಾಹ್ನದ ಮೋಡಗಳು ಬೆಳೆಯುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ಹತ್ತಿಯ ಉಂಡೆಯಂತೆ ಕಾಣಿಸಿಕೊಂಡ ಮೋಡ ಮೂರು ಗಂಟೆಯ ಹೊತ್ತಿಗೆ ಹತ್ತು ಹನ್ನೆರಡು ಕಿಲೋಮೀಟರಿಗೂ ಮಿಕ್ಕ ಎತ್ತರದ ಗೋಪುರವಾಗಿ ನಿಲ್ಲುತ್ತದೆ, ಅದರ ತುದಿಯಲ್ಲಿ ನೀರೆಲ್ಲ ಹಿಮದ ಹರಳಾಗಿರುತ್ತದೆ. ಈ ಹರಳುಗಳು ಮತ್ತು ಮೆತ್ತನೆಯ ಆಲಿಕಲ್ಲುಗಳು ಒಂದಕ್ಕೊಂದು ಉಜ್ಜಿ ಡಿಕ್ಕಿ ಹೊಡೆಯುವಾಗ ವಿದ್ಯುದಾವೇಶ ಬೇರ್ಪಟ್ಟು, ಮೋಡದ ಮೇಲ್ಭಾಗ ಧನವಾಗಿಯೂ ಕೆಳಭಾಗ ಋಣವಾಗಿಯೂ ಮಾರ್ಪಡುವುದೇ ಮಿಂಚಿನ ಮೂಲ. ಬೀಳುವ ಹನಿಗಳಲ್ಲಿ ಒಂದಷ್ಟು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣಿಸುತ್ತವೆ, ತಣಿದು ಭಾರವಾದ ಆ ಗಾಳಿ ನೆಲಕ್ಕಪ್ಪಳಿಸಿ ನಾಲ್ಕು ದಿಕ್ಕಿಗೂ ಹರಡುತ್ತದೆ. ಮಳೆಗೆ ಹತ್ತು ನಿಮಿಷ ಮುಂಚೆ ದೂಳೆಬ್ಬಿಸಿಕೊಂಡು ಬಂದು ಶೀಟಿನ ಛಾವಣಿಗಳನ್ನು ಹಾರಿಸುವುದು ಇದೇ ಗಾಳಿ. ಎಷ್ಟೋ ಸಲ ಗಾಳಿ, ದೂಳು, ಗುಡುಗು ಎಲ್ಲ ಬಂದು ಮಳೆ ಮಾತ್ರ ಬರುವುದಿಲ್ಲ, ಏಕೆಂದರೆ ಒಣಗಾಳಿ ಹನಿಗಳನ್ನು ನಡುವೆಯೇ ಕುಡಿದುಬಿಟ್ಟಿರುತ್ತದೆ.

ಅಶ್ವಿನಿ, ಭರಣಿ, ಕೃತ್ತಿಕೆ ಎಂದು ನಕ್ಷತ್ರಗಳ ಹೆಸರಿನಲ್ಲಿ ರೈತರು ಎಣಿಸುವುದು ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ ಈ ಮಳೆಗಳನ್ನೇ. ಇವುಗಳಿಂದ ಕೆರೆ ತುಂಬುವುದು ಅಪರೂಪವಾದರೂ ನೆಲಕ್ಕೆ ಹದ ಬರುತ್ತದೆ, ನೇಗಿಲು ಇಳಿಯುತ್ತದೆ, ಬೀಡುಬಿದ್ದ ನೆಲದಲ್ಲಿ ದನಕ್ಕೆ ನಾಲ್ಕು ಗರಿಕೆ ಚಿಗುರುತ್ತದೆ. ಭರಣಿ ಬಿದ್ದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ್ದು ಈ ಹದದ ಬೆಲೆ ಬಲ್ಲವರ ಬಾಯಲ್ಲಿ.

ಶ್ರೀನಿವಾಸಪುರದವರಿಗೆ ಮಾತ್ರ ಇದೇ ಮಳೆ ಎರಡು ಅಲಗಿನ ಕತ್ತಿ. ಕರ್ನಾಟಕದಲ್ಲಿ ಮಾವಿನ ತೋಪುಗಳ ವಿಸ್ತಾರಕ್ಕೆ ಈ ತಾಲ್ಲೂಕಿನಷ್ಟು ಹೆಸರಾದದ್ದು ಇನ್ನೊಂದಿಲ್ಲ. ತೋತಾಪುರಿ, ಬೇನಿಷಾ, ಬಾದಾಮಿ, ರಸಪುರಿ, ನೀಲಂ, ಮಲ್ಲಿಕಾ ತಳಿಗಳ ಕಾಯಿ ಇಲ್ಲಿ ಬಲಿಯುವುದು ಏಪ್ರಿಲ್ ಮೇ ತಿಂಗಳಲ್ಲಿ, ಕೊಯ್ಲು ಜುಲೈವರೆಗೂ ಸಾಗುತ್ತದೆ. ಕಾಯಿ ಊದುವ ಕಾಲಕ್ಕೆ ಬಿದ್ದ ಒಂದು ಹದವಾದ ಮಳೆ ಗಾತ್ರವನ್ನೂ ತೂಕವನ್ನೂ ಹೆಚ್ಚಿಸುತ್ತದೆ, ಆದರೆ ಅದೇ ಮೋಡದ ಬಿರುಗಾಳಿ ಅರ್ಧ ಗಂಟೆಯಲ್ಲಿ ತೋಪಿನ ನೆಲಕ್ಕೆ ಕಾಯಿಯ ಹಾಸು ಹಾಸಬಲ್ಲದು. ಆಲಿಕಲ್ಲು ತಾಗಿದ ಕಾಯಿ ಮರದಲ್ಲೇ ಉಳಿದರೂ ಆ ಜಾಗ ಕಪ್ಪಾಗಿ ಕೊಳೆಯುವುದರಿಂದ ಮಂಡಿಗೆ ಹೋದಾಗ ಅದಕ್ಕೆ ಬೆಲೆಯಿಲ್ಲ, ಉದುರಿದ್ದು ಉಪ್ಪಿನಕಾಯಿಯವರು ಕೇಳಿದ ದರಕ್ಕೆ ಹೋಗುತ್ತದೆ. ಕೋಲಾರ ಮತ್ತು ಮುಳಬಾಗಿಲಿನ ಟೊಮೆಟೊ ಬೆಳೆಗಾರರ ಕಷ್ಟ ಮಳೆಗಿಂತ ಮೊದಲೇ ಶುರುವಾಗುತ್ತದೆ, ಏಕೆಂದರೆ ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ಹಾಗೆಯೇ ನಿಂತರೆ ಹೂವು ಕಾಯಿ ಕಚ್ಚದೆ ಉದುರುತ್ತದೆ. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿನ ದರ ಎರಡು ಸಾವಿರ ರೂಪಾಯಿ ದಾಟಿದಾಗ ದೇಶವೆಲ್ಲ ಬೆರಗಾದದ್ದರ ಹಿಂದೆ ಹವೆಯ ಪಾತ್ರವೂ ಇತ್ತು. ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಮಾಲೂರಿನಲ್ಲಿ ಮಳೆಯ ಲೆಕ್ಕವೇ ಬೇರೆ: ಅಲ್ಲಿ ಬಯಲಲ್ಲಿ ಒಣಹಾಕಿದ ಹಸಿ ಇಟ್ಟಿಗೆಗೆ ಏಪ್ರಿಲ್ ಬಿಸಿಲು ಬಂಡವಾಳ, ಒಂದು ಸಂಜೆಯ ಮಳೆಗೆ ವಾರದ ದುಡಿಮೆ ಮತ್ತೆ ಕೆಸರು.

ಜೂನ್ ಮೊದಲ ವಾರ ಮುಂಗಾರು ಕರ್ನಾಟಕದ ಕರಾವಳಿ ಮುಟ್ಟಿತೆಂಬ ಸುದ್ದಿ ಬಂದ ಮೇಲೆ ಈ ಸೀಮೆಯಲ್ಲಿ ನಡೆಯುವುದು ಹೊರಗಿನವರಿಗೆ ವಿಚಿತ್ರವೆನಿಸುತ್ತದೆ. ಗುಡುಗು ನಿಲ್ಲುತ್ತದೆ, ಧಗೆ ಇಳಿಯುತ್ತದೆ, ಪಡುವಣ ಗಾಳಿ ಹಗಲಿರುಳು ಬೀಸುತ್ತದೆ, ಮೋಡಗಳು ಸಾಲುಸಾಲಾಗಿ ಓಡುತ್ತವೆ, ಆದರೆ ನೆಲ ನೆನೆಯುವುದಿಲ್ಲ. ಪಶ್ಚಿಮ ಘಟ್ಟಗಳ ಆಚೆ ತನ್ನ ನೀರನ್ನೆಲ್ಲ ಇಳಿಸಿ ಬಂದ ಗಾಳಿಯ ಮಳೆನೆರಳಿನಲ್ಲಿ ಕೋಲಾರವಿದೆ. ಜುಲೈಯಲ್ಲಿ ಪರ್ಯಾಯ ದ್ವೀಪದ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹೊನಲಿನಂತೆ ಹರಿಯುವ ಪಡುವಣ ಗಾಳಿಯೊಂದಿದೆಯೆಂದು ಭಾರತದ ಹವಾಮಾನ ವಿಜ್ಞಾನಿಗಳಾದ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ 1966ರಲ್ಲಿ ತೋರಿಸಿದರು. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಪಿ. ಕೋಟೇಶ್ವರಂ ಅವರು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇದಕ್ಕೆ ವಿರುದ್ಧವಾಗಿ ಮೂಡಣದಿಂದ ಬೀಸುವ ಇನ್ನೊಂದು ಹೊನಲನ್ನು ವಿವರಿಸಿದ್ದರು. ಮಳೆಗಾಲದ ಮೋಡ ಇಲ್ಲಿ ಬೆಳೆಯಬೇಕಾದದ್ದು ಬುಡವನ್ನು ಒಂದು ಕಡೆಗೆ, ತಲೆಯನ್ನು ಇನ್ನೊಂದು ಕಡೆಗೆ ಎಳೆಯುವ ಈ ಎರಡು ಗಾಳಿಗಳ ನಡುವೆ.

ಕೆಳಗಿನ ಹೊನಲು ಸೊರಗಿದಾಗ ಆಟ ತಿರುಗುತ್ತದೆ. ಆಗ ಮುಂಗಾರು ಮಳೆ ಮಧ್ಯಭಾರತದಲ್ಲಿ ಕೆಲವು ದಿನ ಬಿಡುವು ಪಡೆಯುವುದುಂಟು. ಈ ಬಿಡುವಿನಲ್ಲಿ ದೇಶದ ಬಹುಭಾಗ ಒಣಗುತ್ತಿದ್ದರೆ, ಮಳೆ ಹೆಚ್ಚುವ ಕೆಲವೇ ಪ್ರದೇಶಗಳಲ್ಲಿ ಹಿಮಾಲಯದ ತಪ್ಪಲು ಒಂದಾದರೆ ಪರ್ಯಾಯ ದ್ವೀಪದ ಆಗ್ನೇಯ ಭಾಗ ಇನ್ನೊಂದು. ದಿಲ್ಲಿಯ ಪತ್ರಿಕೆಗಳು ಮುಂಗಾರು ಕೈಕೊಟ್ಟಿತೆಂದು ಬರೆಯುವ ವಾರದಲ್ಲೇ ಮುಳಬಾಗಿಲಿನಲ್ಲಿ ಸಂಜೆ ಗುಡುಗಿ ರಾತ್ರಿಯೆಲ್ಲ ಸುರಿಯಬಹುದು. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಅಂದರೆ ಮುಂಗಾರು ಹಿಂಜರಿದು ಹಿಂಗಾರು ಶುರುವಾಗುವ ಸಂಧಿಯಲ್ಲಿ, ಗುಡುಗು ಮತ್ತೆ ಬರುತ್ತದೆ. ವರ್ಷದ ದೊಡ್ಡ ಮಳೆ ಈ ಕಾಲದ್ದೇ, ರಾಗಿಯ ತೆನೆ ಕಟ್ಟುವುದೂ ಕೆರೆ ತುಂಬುವುದೂ ಆಗಲೇ.

ಮರುಭೂಮಿಗೂ ಇಂಥ ಮಳೆಗಾಲವುಂಟು. ಅಮೆರಿಕದ ಅರಿಜೋನಾ ರಾಜ್ಯದ ಸೊನೋರ ಮರುಭೂಮಿಯಲ್ಲಿ ಜುಲೈ ಆಗಸ್ಟ್ ತಿಂಗಳ ಗುಡುಗಿನ ಮಳೆಯನ್ನು ಅಲ್ಲಿನವರೂ ಮಾನ್ಸೂನ್ ಎಂದೇ ಕರೆಯುತ್ತಾರೆ, ಮೋಡಕ್ಕೆ ಮುಂಚೆ ಬರುವ ದೂಳಿನ ಗೋಡೆಗೆ ಅರಬ್ಬೀ ಮೂಲದ ಹಬೂಬ್ ಎಂಬ ಹೆಸರಿದೆ. ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳ ಬಾಯಲ್ಲಿ ಹೊಲ ಮಾಡಿ, ಒಂದು ಬಿರುಮಳೆಯ ನೀರಿನಲ್ಲೇ ಬೇಳೆಕಾಳು, ಮೆಕ್ಕೆಜೋಳ ಬೆಳೆಯುವ ಪದ್ಧತಿಯನ್ನು ರೂಢಿಸಿಕೊಂಡಿದ್ದರು. ಅವರ ಹೊಲ ಹರಿದು ಬಂದ ನೀರನ್ನು ಆ ಕ್ಷಣಕ್ಕೆ ಹಿಡಿಯುತ್ತದೆ. ಕೋಲಾರದ ಕೆರೆ ಅದನ್ನು ಆರು ತಿಂಗಳಿಗೆ ಕೂಡಿಡುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಬೇರೆಯಾಗುವ ಮೊದಲು ಅವಿಭಜಿತ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವೆಂಬುದನ್ನು ಈ ಸೀಮೆಯ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. ಹೇಳಬೇಕಾದದ್ದು ಸಂಖ್ಯೆಗಿಂತ ಜೋಡಣೆಯ ವಿಚಾರ. ಪಾಲಾರ್, ಪಾಪಾಗ್ನಿ, ದಕ್ಷಿಣ ಪಿನಾಕಿನಿಗಳಲ್ಲಿ ಯಾವುದೂ ವರ್ಷವಿಡೀ ಹರಿಯುವ ನದಿಯಲ್ಲದ ಕಾರಣ, ಅವುಗಳ ಕಣಿವೆಗಳಲ್ಲಿ ಮೇಲಿನ ಕೆರೆಯ ಕೋಡಿ, ಅಂದರೆ ಹೆಚ್ಚುವರಿ ನೀರು ಹೊರಬೀಳುವ ಕಟ್ಟೆ, ಕೆಳಗಿನ ಕೆರೆಯ ಕಾಲುವೆಗೆ ಸೇರುವಂತೆ ಒಂದರ ಕೆಳಗೊಂದು ಸರಪಳಿಯಾಗಿ ಕೆರೆಗಳನ್ನು ಕಟ್ಟಲಾಯಿತು. ಗುಡುಗಿನ ಮಳೆಯ ಮೊದಲ ದೋಷ ಅದು ಎಲ್ಲ ಕಡೆ ಬೀಳದಿರುವುದು. ಒಂದು ಚದರ ಕಿಲೋಮೀಟರ್ ನೆಲದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಐದು ಕೋಟಿ ಲೀಟರ್ ನೀರು. ಅದರಲ್ಲಿ ಐದನೆಯ ಒಂದು ಪಾಲು ಹರಿದರೂ ಒಂದು ಕೋಟಿ ಲೀಟರ್. ಆ ನೀರು ಮೇಲಿನ ಕೆರೆ ತುಂಬಿಸಿ ಕೋಡಿ ಬಿದ್ದರೆ, ಹನಿಯೂ ಬೀಳದ ಕೆಳಗಿನ ಊರಿಗೆ ಮರುದಿನ ಬೆಳಗಾಗುವಷ್ಟರಲ್ಲಿ ನೀರು ಬಂದಿರುತ್ತದೆ. ಆಕಾಶ ಮಾಡಿದ ಪಕ್ಷಪಾತವನ್ನು ನೆಲದ ಮೇಲೆ ತಿದ್ದುವ ಈ ಏರ್ಪಾಟಿನಲ್ಲಿ ಬೋಳು ಬಂಡೆಯೂ ಉಪಯೋಗಕ್ಕೆ ಬರುತ್ತಿತ್ತು, ಹನಿಯನ್ನು ಹೀರದ ಬಂಡೆ ಬಿದ್ದದ್ದನ್ನೆಲ್ಲ ಕೆಳಗಿನ ಕುಂಟೆಗೆ ಕಳಿಸುತ್ತಿತ್ತು. ತೂಬೆತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದ, ಹೆಚ್ಚಾಗಿ ದಲಿತ ಕುಟುಂಬಗಳವರಾದ, ಕೂಲಿಯನ್ನು ಧಾನ್ಯದಲ್ಲಿ ಪಡೆಯುತ್ತಿದ್ದ ನೀರುಗಂಟಿಗಳು ಈ ವ್ಯವಸ್ಥೆಯ ನಿಜವಾದ ಎಂಜಿನಿಯರುಗಳು.

ಮಳೆ ಅಳೆಯುವ ಆಡಳಿತದ ಪದ್ಧತಿಗೆ ಈ ಪಕ್ಷಪಾತ ಬಹುಕಾಲ ಕಾಣಿಸಲೇ ಇಲ್ಲ. ತಾಲ್ಲೂಕಿಗೆ ವಾಡಿಕೆ ಮಳೆಯಾಗಿದೆ ಎಂಬ ವರದಿಯ ಒಳಗೆ ಒಣಗಿದ ಹತ್ತಾರು ಊರುಗಳು ಅಡಗಿರುತ್ತಿದ್ದವು. ಬರ ನಿಗಾ ಘಟಕವಾಗಿ 1988ರಲ್ಲಿ ಆರಂಭವಾಗಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿಕೊಂಡಿರುವ ಸಂಸ್ಥೆ, ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟ ಮೇಲೆ ಈ ಕುರುಡು ಕಡಿಮೆಯಾಗಿದೆ. ಅದೇ ಕೇಂದ್ರದ ‘ಸಿಡಿಲು’ ಆ್ಯಪ್ ಮತ್ತು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಮುತ್ತ ಮಿಂಚು ಬೀಳುವುದನ್ನು ತಿಳಿಸುತ್ತವೆ. ಮೊಬೈಲ್ ಇಲ್ಲದ ಕುರಿಗಾಹಿಗೂ ಒಂದು ಲೆಕ್ಕವಿದೆ: ಶಬ್ದ ಒಂದು ಕಿಲೋಮೀಟರ್ ಸಾಗುವುದಕ್ಕೆ ಸುಮಾರು ಮೂರು ಸೆಕೆಂಡ್ ಹಿಡಿಯುವುದರಿಂದ, ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಸಿಗುತ್ತದೆ. ಆದರೂ ಮಳೆ ಬಂದೊಡನೆ ಬಯಲಿನ ಒಂಟಿ ಹುಣಸೆ ಮರದ ಬುಡ ಸೇರುವ ಅಭ್ಯಾಸ ಪ್ರತಿ ಬೇಸಿಗೆಯಲ್ಲೂ ಜೀವ ತೆಗೆಯುತ್ತದೆ.

ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ ಕೆರೆಯ ಮೇಲಿನ ಗಮನ ತಪ್ಪಿತು. ಕಾಲುವೆಗಳು ಒತ್ತುವರಿಯಾದವು, ನೀಲಗಿರಿ ತೋಪುಗಳು ಜಲಾನಯನದಲ್ಲಿ ಹಬ್ಬಿದವು, ಅದನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ ಆದೇಶಿಸಿದ್ದು 2017ರಲ್ಲಿ. ಮರುವರ್ಷ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರದ ಕೆರೆಗೆ ಬಂತು. ಆ ನೀರಿನ ಗುಣಮಟ್ಟದ ವಿವಾದ ಎಲ್ಲರಿಗೂ ಗೊತ್ತಿದೆ, ಅಂತರ್ಜಲ ಮೇಲೆ ಬಂದದ್ದನ್ನೂ ಅಲ್ಲಗಳೆಯುವಂತಿಲ್ಲ. ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಬೇಸಿಗೆಯಲ್ಲಿ ಒಣಗುವುದು ಹಳೆಯ ಕೆರೆಯ ದಿನಚರಿಯ ಭಾಗವಾಗಿತ್ತು. ಒಣಗಿದಾಗ ರೈತರು ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು, ಖಾಲಿ ಕೆರೆಗೆ ಮುಂದಿನ ಗುಡುಗಿನ ಮಳೆಯನ್ನು ಹಿಡಿಯಲು ಜಾಗವಿರುತ್ತಿತ್ತು. ಮೇ ತಿಂಗಳಲ್ಲೂ ತುಂಬಿ ನಿಂತ ಕೆರೆಗೆ ಕೃತ್ತಿಕೆಯ ಮಳೆ ಬಿದ್ದರೆ ಅದು ಕೋಡಿಯ ಕಡೆಗೇ ಹೋಗುತ್ತದೆ.

2021ರ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಬಂದಾಗ, ದಶಕಗಳಿಂದ ತುಂಬದಿದ್ದ ಎಷ್ಟೋ ಕೆರೆಗಳು ಈ ತಾಲ್ಲೂಕುಗಳಲ್ಲಿ ಕೋಡಿ ಹರಿದವು, ಹೂಳು ತುಂಬಿದ ಕಾಲುವೆಗಳನ್ನು ಬಿಟ್ಟು ನೀರು ರಸ್ತೆಗಳ ಮೇಲೆ ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡಿತು. ಕೆರೆ ತುಂಬಿದರೆ ಗಂಗಮ್ಮನಿಗೆ ಪೂಜೆ ಮಾಡಿ ತೆಪ್ಪ ಬಿಡುವುದು ಈ ಸೀಮೆಯ ಸಂಪ್ರದಾಯ. ಏರಿಯ ಕೆಳಗಿನ ಹೊಲಗಳಲ್ಲಿ ಆ ಹೊತ್ತಿಗೆ ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೆ ಒರಗಿ, ತೆನೆಯಲ್ಲೇ ಮೊಳಕೆಯೊಡೆದಿತ್ತು.