ಮತ ನೆಲಕ್ಕೋ, ನುಡಿಗೋ?

ಬ್ರಸೆಲ್ಸ್‌ನಲ್ಲಿ ನೆಲೆಸಿ ಆ ದೇಶದ ಪೌರತ್ವವನ್ನೂ ಪಡೆದಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಬೇಸಿಗೆಯಲ್ಲಿ ಧಾರವಾಡಕ್ಕೆ ಬಂದಿದ್ದಳು. ಮಾತಿಗೆ ಮಾತು ಬಂದು, 2024ರ ಜೂನ್ ತಿಂಗಳಲ್ಲಿ ತಾನು ಯುರೋಪಿನ ಸಂಸತ್ತಿಗೆ ಮತ ಹಾಕಿದ ಬಗೆಯನ್ನು ವಿವರಿಸಿದಳು. "ಅಲ್ಲಿ ಮೊದಲ ಪಕ್ಷ ಆರಿಸೂದಲ್ರೀ ಸರ್, ಭಾಷಾ ಆರಿಸಬೇಕು" ಎಂದಳು. ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರನ ನಿದ್ದೆ ಕೆಡಿಸಲು ಇಷ್ಟು ಸಾಕು.

ಬೆಲ್ಜಿಯಮ್ಮಿನಲ್ಲಿ ಡಚ್, ಫ್ರೆಂಚ್, ಜರ್ಮನ್ ಎಂಬ ಮೂರು ಭಾಷೆಗಳಿಗೆ ಅಧಿಕೃತ ಸ್ಥಾನವಿದೆ. ಯುರೋಪಿನ ಸಂಸತ್ತಿನ 720 ಸ್ಥಾನಗಳಲ್ಲಿ ಆ ದೇಶದ ಪಾಲು 22. ಅವನ್ನು ಇಡೀ ದೇಶ ಒಟ್ಟಾಗಿ ಆರಿಸುವುದಿಲ್ಲ. ಮತದಾರರನ್ನು ಮೂರು ಭಾಷಾಮಂಡಲಗಳಾಗಿ ವಿಂಗಡಿಸಿ, ಡಚ್ ಮಂಡಲಕ್ಕೆ 13, ಫ್ರೆಂಚ್ ಮಂಡಲಕ್ಕೆ 8, ಜರ್ಮನ್ ಮಂಡಲಕ್ಕೆ 1 ಸ್ಥಾನವನ್ನು ಕೊಟ್ಟಿದ್ದಾರೆ. ಮೊದಲೆರಡರಲ್ಲಿ ಪಕ್ಷಗಳು ಪಡೆದ ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನಗಳು ಹಂಚಿಕೆಯಾಗುತ್ತವೆ. ಆ ಒಂದು ಜರ್ಮನ್ ಸ್ಥಾನ 1994ರಲ್ಲಿ ಏರ್ಪಟ್ಟದ್ದು. ದೇಶದ ಪೂರ್ವದಂಚಿನಲ್ಲಿರುವ ಜರ್ಮನ್ ನಾಡಿನ ಜನಸಂಖ್ಯೆ 80 ಸಾವಿರವನ್ನು ಮುಟ್ಟುವುದಿಲ್ಲ. 2011ರ ಗಣತಿಯಂತೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ 9 ಲಕ್ಷ 43 ಸಾವಿರ ಜನರಿದ್ದರು. ಇದರ ಹತ್ತನೆಯ ಒಂದು ಪಾಲೂ ಆಗದ ಮಂದಿಗೆ, ಅವರ ನುಡಿಯ ಕಾರಣಕ್ಕಾಗಿಯೇ, ತಮ್ಮವನೊಬ್ಬ ಪ್ರತಿನಿಧಿ! ಕೇಳಿ ನನಗೆ ಹೊಟ್ಟೆಕಿಚ್ಚಾಯಿತೆಂದರೆ ಸುಳ್ಳಲ್ಲ.

ಹೊಟ್ಟೆಕಿಚ್ಚಿಗೆ ಕಾರಣವಿದೆ. 1952ರಲ್ಲಿ ನನ್ನ ತಂದೆಯವರು ಮೊದಲ ಸಲ ಲೋಕಸಭೆಗೆ ಮತ ಹಾಕಿದಾಗ ಧಾರವಾಡವು ಮುಂಬಯಿ ರಾಜ್ಯದಲ್ಲಿತ್ತು. ಧಾರವಾಡ ಉತ್ತರದಿಂದ ಡಿ. ಪಿ. ಕರಮರಕರರು ಆರಿಸಿ ಬಂದರು. ಆದರೆ ಮುಂಬಯಿಯ ವಿಧಾನಸಭೆಯಲ್ಲಿ ಮರಾಠಿ ಗುಜರಾತಿಗಳ ನಡುವೆ ಕನ್ನಡಿಗರು ಮೂಲೆಯವರು. ಆಗ ಯಾರೂ ಕನ್ನಡಿಗರಿಗೊಂದು ಪ್ರತ್ಯೇಕ ಮತದಾರರ ಯಾದಿ ಬೇಕೆಂದು ಕೇಳಲಿಲ್ಲ. ಕನ್ನಡದ ನೆಲವೇ ಒಂದಾಗಬೇಕೆಂದು ಕೇಳಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕುಳಿತದ್ದು ಅದಕ್ಕಾಗಿ. 1956ರ ನವೆಂಬರ್ 1ರಂದು ಆ ಬೇಡಿಕೆ ಕೈಗೂಡಿತು.

ಧರ್ಮದ ಮೇಲೆ ಮತದಾರರನ್ನು ಒಡೆದ 1909ರ ಕಹಿ ನಮ್ಮ ಹಿರಿಯರ ನಾಲಗೆಯ ಮೇಲೆ ಇನ್ನೂ ಇತ್ತು. ಆದ್ದರಿಂದಲೇ ಸಂವಿಧಾನದ 325ನೆಯ ವಿಧಿ ಒಂದು ಕ್ಷೇತ್ರಕ್ಕೆ ಒಂದೇ ಯಾದಿ ಎಂದು ಹೇಳಿತು. ಧರ್ಮ, ಜನಾಂಗ, ಜಾತಿ, ಲಿಂಗಗಳ ಹೆಸರಿನಲ್ಲಿ ಯಾರನ್ನೂ ಅದರಿಂದ ಹೊರಗಿಡಬಾರದೆಂದಿತು. ಆ ನಾಲ್ಕರಲ್ಲಿ ಭಾಷೆಯ ಹೆಸರಿಲ್ಲ. ಭಾಷೆಯ ಲೆಕ್ಕವನ್ನು ನಾವು ರಾಜ್ಯಗಳ ಗಡಿಯಲ್ಲಿಯೇ ಚುಕ್ತಾ ಮಾಡಿದೆವು ಎನ್ನಬೇಕು. ಆದರೆ ಗಡಿಯ ಆಚೆಗೆ ಉಳಿದವರ ಲೆಕ್ಕ? ಕಾಸರಗೋಡು ಕೇರಳಕ್ಕೆ ಹೋಯಿತು. ಜತ್ತ, ಅಕ್ಕಲಕೋಟೆ ಮಹಾರಾಷ್ಟ್ರದಲ್ಲಿವೆ. ಬೆಳಗಾವಿಯ ಮರಾಠಿಗನೂ ಇದೇ ಪ್ರಶ್ನೆಯನ್ನು ನಮಗೆ ಕೇಳಬಹುದು, ಕೇಳುತ್ತಲೂ ಇದ್ದಾನೆ.

ಆರಿಸಿ ಹೋದವನ ನಾಲಗೆಯ ಪಾಡೂ ಸ್ವಲ್ಪ ಹೀಗೆಯೇ. ಯುರೋಪಿನ ಸಂಸತ್ತಿನಲ್ಲಿ 24 ಭಾಷೆಗಳಲ್ಲಿ ಯಾವುದನ್ನಾದರೂ ಹಕ್ಕಿನಿಂದ ಆಡಬಹುದು. ನಮ್ಮ ಸಂವಿಧಾನದ 120ನೆಯ ವಿಧಿಯಂತೆ, ಹಿಂದಿ ಇಂಗ್ಲಿಷುಗಳಲ್ಲಿ ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಆಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಬಾರದವನಿಗೆ ತೋರುವ ದಯೆ ಇದು! 1967ರಲ್ಲಿ ಶಿವಮೊಗ್ಗೆಯಿಂದ ಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಇಂಗ್ಲಿಷು ಬಾರದೆ ಅಲ್ಲ. ಈಗ ಅಲ್ಲಿ ಕನ್ನಡಕ್ಕೂ ದುಭಾಷಿಗಳ ಏರ್ಪಾಡಿದೆ.

ಬೆಲ್ಜಿಯಮ್ಮಿನ ಮಾದರಿಯನ್ನು ಹೊಗಳುವ ಮೊದಲು ಇನ್ನೊಂದನ್ನು ಹೇಳಬೇಕು. ಭಾಷೆಯನ್ನು ಆರಿಸುವ ಸ್ವಾತಂತ್ರ್ಯ ಎಲ್ಲರದಲ್ಲ. ಅದು ಬ್ರಸೆಲ್ಸ್ ನಗರದವರದು. ಅದರ ಸುತ್ತಲಿನ ಡಚ್ ಸೀಮೆಯ ಅನೇಕ ಊರುಗಳಿಗೂ ಹಿಂದೆ ಅದು ಇತ್ತು. ಆ ಕ್ಷೇತ್ರವನ್ನು ಒಡೆಯಬೇಕೋ ಬೇಡವೋ ಎಂಬ ಜಗಳದಲ್ಲಿ 2010ರಲ್ಲಿ ಸರಕಾರವೇ ಬಿತ್ತು. ಅನಂತರದ ಚುನಾವಣೆಯಾದ ಮೇಲೆ ಹೊಸ ಸರಕಾರ ಬರಲು 541 ದಿನ ಹಿಡಿಯಿತು. 2012ರಲ್ಲಿ ಕ್ಷೇತ್ರ ಒಡೆಯಿತು. ಆರು ಊರುಗಳಿಗೆ ಮಾತ್ರ ಆಯ್ಕೆ ಉಳಿಯಿತು.

ಇದನ್ನೆಲ್ಲ ಮೊನ್ನೆ ಮಂಜೇಶ್ವರದ ಗೆಳೆಯರೊಬ್ಬರಿಗೆ ಹೇಳುತ್ತಿದ್ದೆ. ಅವರೂ ನನ್ನಂತೆ ಕನ್ನಡ ಅಧ್ಯಾಪಕರಾಗಿದ್ದವರು. ಆ ಆರು ಊರುಗಳ ಆಚೆ ಡಚ್ ಸೀಮೆಯಲ್ಲಿ ಮನೆ ಮಾಡಿದ ಫ್ರೆಂಚ್ ಭಾಷಿಕನ ಗತಿಯೇನು ಎಂದು ಕೇಳಿದರು. ಅವನು ಡಚ್ ಯಾದಿಗೇ ಮತ ಹಾಕಬೇಕೆಂದೆ.

"ಹಾಗಾದ್ರೆ ಅಲ್ಲಿಯೂ ಒಂದು ಕಾಸರಗೋಡು ಉಂಟು ಅನ್ನಿ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.